ವಿಜಯಪುರದ ಎರೆಮಣ್ಣು ಹಾಕಿ ಸಾಕು ಟರಾಂಟುಲಾ ಜೇಡಕ್ಕೆ ಬಿಲ ಮಾಡಿಕೊಡಬಹುದೇ?

ಬರೀ ಎರೆಮಣ್ಣು ಬೇಡ. ನೀರು ಬಿದ್ದರೆ ಉಬ್ಬಿ ಅಂಟುತ್ತದೆ, ಒಣಗಿದರೆ ಬಿರುಕು ಬಿಟ್ಟು ಬಿಲವೇ ಕುಸಿಯುತ್ತದೆ. ಹೊಲದ ಮಣ್ಣಾದರೆ ಕೀಟನಾಶಕದ ಭಯ ಬೇರೆ. ಗೊಬ್ಬರ ಬೆರೆಸದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ನೆನೆಸಿ, ನೀರು ತೊಟ್ಟಿಕ್ಕದಂತೆ ಹಿಂಡಿ, ಸ್ವಲ್ಪ ಸ್ವಲ್ಪವೇ ಹಾಕುತ್ತ ಮುಷ್ಟಿಯಿಂದ ಗಟ್ಟಿಯಾಗಿ ಒತ್ತಿ. ಸಡಿಲ ಬಿಟ್ಟರೆ ಎಂಥ ಬಿಲವೂ ನಿಲ್ಲದು.

ಬಿಲ ತೋಡುವ ಜಾತಿಯ ಜೇಡ ಕಾಲು ಚಾಚಿದಾಗ 12 ಸೆಂ.ಮೀ. ಇದ್ದರೆ ಕೋಕೋಪೀಟ್ 20–25 ಸೆಂ.ಮೀ. ಆಳವಿರಲಿ. ಅದರ ಮೇಲ್ಮೈಯಿಂದ ಪೆಟ್ಟಿಗೆಯ ಮುಚ್ಚಳಕ್ಕೆ 18 ಸೆಂ.ಮೀ. ಮೀರಬಾರದು, ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆದು ಸಾಯಬಹುದು. ಗಾಜಿಗೆ ತಾಗಿದಂತೆ, ಸುಮಾರು 45 ಡಿಗ್ರಿ ಓರೆಯಾಗಿ, ಜೇಡ ನುಸುಳುವಷ್ಟು ಅಗಲದ ತೂತು ಕೊರೆದು, ಅದರ ಬಾಯಿಗೆ ಕಾರ್ಕ್ ತೊಗಟೆಯನ್ನೋ ಕುದಿಸಿ ಒಣಗಿಸಿದ ತೆಂಗಿನ ಚಿಪ್ಪನ್ನೋ ಅರ್ಧ ಹೂಳಿ. ಉಳಿದದ್ದನ್ನು ಅದೇ ತೋಡಿಕೊಳ್ಳುತ್ತದೆ. ಕಲ್ಲು ಇಡಲೇಬೇಕೆಂದರೆ ಪೆಟ್ಟಿಗೆಯ ತಳಕ್ಕೆ ಕೂರಿಸಿ. ಮೇಲಿಟ್ಟರೆ ಅಡಿಯಲ್ಲಿ ತೋಡಲು ಹೋಗಿ ಜೇಡವೇ ಅಪ್ಪಚ್ಚಿ.

ನಮ್ಮ ಏಪ್ರಿಲ್‌–ಮೇ ಬಿಸಿಲಿಗೆ ಮೇಲ್ಪದರ ಬೇಗ ಒಣಗುತ್ತದೆ. ತೇವ ಬೇಡುವ ಜಾತಿಗೆ ಮೇಲೆ ಸ್ಪ್ರೇ ಹೊಡೆದು ಪ್ರಯೋಜನವಿಲ್ಲ. ಬಿಲದಿಂದ ದೂರದ ಮೂಲೆಯಲ್ಲಿ ತಳಕ್ಕೆ ಇಳಿಯುವಂತೆ ನೀರು ಹನಿಸಿ. ಬಿಲದ ಬಾಯಿ ಮುಚ್ಚಿಕೊಂಡರೆ ಕೆದಕಬೇಡಿ, ಬಹುಶಃ ಪೊರೆ ಬಿಡುತ್ತಿರುತ್ತದೆ.