ಬಳ್ಳಾರಿಯ ಬಿಸಿಲಿನಲ್ಲಿ ಗೇಮಿಂಗ್ ಕಂಪ್ಯೂಟರ್: ಹಳೆಯ ಪವರ್ ಸಪ್ಲೈ ಸಾಕೇ?

ಮಾನ್ಯರೇ,

ರೈಜೆನ್ 7 7800ಎಕ್ಸ್3ಡಿ ಪ್ರೊಸೆಸರಿನ ಜೊತೆಗೆ ಆರ್‌ಟಿಎಕ್ಸ್ 5070 ಟಿಐ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ 1440ಪಿ (2560×1440 ಪಿಕ್ಸೆಲ್) ಮಾನಿಟರಿನಲ್ಲಿ ಆಡಬೇಕೆಂದಿರುವ ನೀವು, ಹಳೆಯ ಕಂಪ್ಯೂಟರಿನ 550 ವ್ಯಾಟ್ ಪವರ್ ಸಪ್ಲೈಯನ್ನೇ ಉಳಿಸಿಕೊಳ್ಳಬಹುದೇ, ಬಳ್ಳಾರಿಯ ಸೆಕೆಗೆ ದ್ರವ ಹರಿಸಿ ಪ್ರೊಸೆಸರನ್ನು ತಂಪಾಗಿಸುವ ಲಿಕ್ವಿಡ್ ಕೂಲರ್ ಬೇಕೇ ಎಂದು ಕೇಳಿದ್ದೀರಿ.

ಪವರ್ ಸಪ್ಲೈ ಬದಲಿಸಲೇಬೇಕು. ಆ ಕಾರ್ಡೊಂದೇ 300 ವ್ಯಾಟ್‌ನಷ್ಟು ವಿದ್ಯುತ್ ಎಳೆಯುತ್ತದೆ, ಕ್ಷಣಮಾತ್ರದ ಏರಿಕೆಗಳು ಅದನ್ನೂ ಮೀರುತ್ತವೆ. ಆದ್ದರಿಂದಲೇ ಆ ಕಾರ್ಡಿನ ಕಂಪನಿ ಎನ್‌ವಿಡಿಯಾ 750 ವ್ಯಾಟ್ ಸೂಚಿಸಿದೆ. ಇದಕ್ಕೆ ಹಣ ಸಾಲದಿದ್ದರೆ ಪ್ರೊಸೆಸರನ್ನು ರೈಜೆನ್ 5 7600ಕ್ಕೆ ಇಳಿಸಿ. 1440ಪಿಯಲ್ಲಿ ಹೆಚ್ಚಿನ ಭಾರ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆಯೇ. ಎರಡೂ ಪ್ರೊಸೆಸರುಗಳು ಮದರ್‌ಬೋರ್ಡಿನ ಒಂದೇ ಬಗೆಯ ಎಎಂ5 ಸಾಕೆಟ್ಟಿನಲ್ಲಿ ಕೂರುವುದರಿಂದ, ಮುಂದೆ ಕೈಯಲ್ಲಿ ಹಣವಾದಾಗ ಮದರ್‌ಬೋರ್ಡ್ ಬದಲಿಸದೆಯೇ ಮೇಲಿನದಕ್ಕೆ ಹೋಗಬಹುದು.

ಲಿಕ್ವಿಡ್ ಕೂಲರ್ ಅಗತ್ಯವಿಲ್ಲ. ಕೋಣೆಯೇ 40 ಡಿಗ್ರಿ ಇರುವಾಗ ಲಿಕ್ವಿಡ್ ಕೂಲರಿನ ಯಾವ ರೇಡಿಯೇಟರೂ ಅದಕ್ಕಿಂತ ತಂಪಾದ ಗಾಳಿಯನ್ನು ಸೃಷ್ಟಿಸಲಾರದು. ಎರಡು ಫ್ಯಾನುಗಳ ಒಳ್ಳೆಯ ಏರ್ ಕೂಲರ್ ಈ ಪ್ರೊಸೆಸರಿಗೆ ಸಾಕು. ಅದಕ್ಕಿಂತ ಕ್ಯಾಬಿನೆಟ್ ಆಯ್ಕೆಗೆ ಗಮನ ಕೊಡಿ: ನೋಡಲು ಚೆಂದವೆಂದು ಮುಂಭಾಗ ಪೂರ್ತಿ ಗಾಜಿರುವುದನ್ನು ಕೊಂಡು ನಾನು ಒಂದು ಬೇಸಿಗೆ ಪೂರ್ತಿ ಪಶ್ಚಾತ್ತಾಪಪಟ್ಟಿದ್ದೇನೆ. ಗಾಳಿಯಾಡಲು ಮುಂಭಾಗ ಜಾಲರಿಯದ್ದೇ ಇರಲಿ, ಆ ಜಾಲರಿಯ ಹಿಂದಿರುವ ಡಸ್ಟ್ ಫಿಲ್ಟರ್ ಕಳಚಿ ತೊಳೆಯುವಂತಿರಲಿ. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಿರುವ ನನ್ನ ಮನೆಯಲ್ಲಿ ಎರಡೇ ವಾರಕ್ಕೆ ಆ ಫಿಲ್ಟರಿನ ಮೇಲೆ ಬೆರಳೆಳೆದರೆ ಕೆಂಪು ಗೆರೆ ಮೂಡುತ್ತದೆ.

ರ್‍ಯಾಮ್ ಡಿಡಿಆರ್5 ಬಗೆಯದು, 6000 ವೇಗದ್ದು, 16 ಜಿಬಿಯ ಎರಡು ಸ್ಟಿಕ್ ಸಾಕು. ಜೋಡಿಸಿದ ಮೇಲೆ ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಎಕ್ಸ್‌ಪೋ ಎಂಬ ರ್‍ಯಾಮ್ ವೇಗದ ಆಯ್ಕೆಯನ್ನು ಆನ್ ಮಾಡುವುದನ್ನು ಮರೆಯಬೇಡಿ, ಇಲ್ಲವಾದರೆ ರ್‍ಯಾಮ್ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ.