ಪ್ರತಿಕ್ರಿಯೆ: ವಿಜ್ಞಾನ ವಸ್ತುಸಂಗ್ರಹಾಲಯದ ಭೇಟಿ ಮತ್ತು ಮಕ್ಕಳ ಆಸಕ್ತಿ

ಒಂದು ದಿನದ ಭೇಟಿಯಿಂದ ಮಕ್ಕಳಲ್ಲಿ ವಿಜ್ಞಾನದ ಆಸಕ್ತಿ ಉಳಿಯುತ್ತದೆಯೇ ಎಂದು ತಾವು ಕೇಳಿದ್ದೀರಿ. ಭೇಟಿಯೊಂದೇ ಸಾಲದು ಎಂಬುದು ನನ್ನ ಅಭಿಪ್ರಾಯ. ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ (ಅಣುಬಾಂಬಿನ ರಾಬರ್ಟ್ ಓಪನ್‌ಹೈಮರ್ ಅವರ ತಮ್ಮ) 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭಿಸಿದ ಎಕ್ಸ್‌ಪ್ಲೊರೇಟೋರಿಯಂ ಎಂಬ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಮಾದರಿಗಳನ್ನು ಮುಟ್ಟಿ, ತಿರುಗಿಸಿ ನೋಡಬಹುದು. ಆದರೆ ಅದಕ್ಕಿಂತ ಮುಖ್ಯವಾಗಿ ನನಗೆ ಕಾಣುವುದು, ಪ್ರೌಢಶಾಲೆಯ ವಿದ್ಯಾರ್ಥಿಗಳನ್ನೇ ಸಂಬಳ ಕೊಟ್ಟು ವಿವರಣೆಗಾರರನ್ನಾಗಿ ನೇಮಿಸಿಕೊಳ್ಳುವ ಅಲ್ಲಿನ ಪದ್ಧತಿ. ಹಸುವಿನ ಕಣ್ಣನ್ನು ಕೊಯ್ದು, ಒಳಗಿನ ಮಸೂರವನ್ನು ಹೊರತೆಗೆದು ಅಪರಿಚಿತರಿಗೆ ತೋರಿಸಬೇಕಾದ ಹುಡುಗಿಯು, ಅದರ ಮೂಲಕ ಹಾಯುವ ಬೆಳಕು ಹೇಗೆ ಬಾಗುತ್ತದೆ ಎಂಬುದನ್ನು ಮೊದಲು ತಾನೇ ಅರ್ಥಮಾಡಿಕೊಳ್ಳಲೇಬೇಕಾಗುತ್ತದೆ. ಆದ್ದರಿಂದ ತಮ್ಮ ಸಮೀಪದ ಸಂಗ್ರಹಾಲಯದಲ್ಲಿ ಟಿಕೆಟ್ ದರಕ್ಕಿಂತ ಮೊದಲು, ಹದಿಹರೆಯದವರಿಗೆ ಇಂಥ ಕೆಲಸದ ಅಥವಾ ಸ್ವಯಂಸೇವೆಯ ಅವಕಾಶವಿದೆಯೇ ಎಂದು ವಿಚಾರಿಸಿರಿ.