ಒಕ್ಕೂಟ ಬಿಟ್ಟ ಬ್ರಿಟನ್ನಿಗೆ ಬರಬಹುದೆ? ಹಾವೇರಿಯ ತಮ್ಮನಿಗೆ ಉತ್ತರ

ತಮ್ಮಾ,

ಅಕ್ಕ ಎಂದು ಕರೆದು ಕೇಳಿದ್ದೀಯ, ಹಾಗಾಗಿ ಸುತ್ತಿಬಳಸದೆ ಹೇಳುತ್ತೇನೆ. ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟದ್ದರಿಂದ ನಮಗೆ ಲಾಭವಾಯಿತೆ, ಜಮೀನಿನ ಮೇಲೆ ಸಾಲ ಮಾಡಿ ಎಂ.ಎಸ್‌ಸಿ.ಗೆ ಬರಬಹುದೆ, ಇಲ್ಲಿನ ಜನ ನಮ್ಮನ್ನು ಸೇರಿಸಿಕೊಳ್ಳುತ್ತಾರೆಯೆ ಎಂಬುದು ನಿನ್ನ ಪ್ರಶ್ನೆ.

ಕೊನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಾನಿರುವುದು ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಂಡರ್‌ಲ್ಯಾಂಡಿನಲ್ಲಿ. 2016ರ ಜೂನ್ 23ರ ಜನಮತಗಣನೆಯಲ್ಲಿ ದೇಶದ ಶೇ 51.9ರಷ್ಟು ಮತದಾರರು ಒಕ್ಕೂಟ ಬೇಡವೆಂದರೆ, ನಮ್ಮೂರಿನಲ್ಲಿ ಹಾಗೆಂದವರು ಶೇ 61ಕ್ಕಿಂತ ಹೆಚ್ಚು. ಇದನ್ನು ಪರದೇಶಿಗಳ ಮೇಲಿನ ದ್ವೇಷ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದು ತಲೆಮಾರುಗಳಿಂದ ಹಡಗು ಕಟ್ಟಿ ಬದುಕಿದ ಊರು. ಕೊನೆಯ ಹಡಗುಕಟ್ಟೆಗಳು 1988ರಲ್ಲಿ ಮುಚ್ಚಿದವು. ನಿಸಾನ್ ಕಾರು ಕಾರ್ಖಾನೆ ಬಂದು ಸಾವಿರಾರು ಮನೆಗಳ ಒಲೆ ಉರಿಸಿತು. ಅದರ ಕಾರುಗಳ ದೊಡ್ಡ ಮಾರುಕಟ್ಟೆ ಯುರೋಪೇ. ಆದರೂ ಜನ ಹೊರಹೋಗಲು ಮತ ಹಾಕಿದರು. ಲಂಡನ್ನಿನವರು ನಮ್ಮ ಮಾತನ್ನು ಕಿವಿಗೆ ಹಾಕಿಕೊಂಡದ್ದು ಆ ಒಂದು ದಿನ ಮಾತ್ರ ಎಂದು ಪಕ್ಕದ ಮನೆಯ ಹಿರಿಯರು ಈಗಲೂ ಹೇಳುತ್ತಾರೆ. ನನಗೆ ಹುಷಾರಿಲ್ಲದಾಗ ಸೂಪ್ ತಂದುಕೊಡುವವರೂ ಅವರೇ.

ಹಾಗೆಂದು ಇಲ್ಲಿ ಭಯವೇ ಇಲ್ಲ ಎಂದರೆ ನಿನಗೆ ಸುಳ್ಳು ಹೇಳಿದಂತೆ. 2024ರ ಆಗಸ್ಟಿನಲ್ಲಿ ವಲಸಿಗರ ವಿರುದ್ಧ ಗಲಭೆ ಎದ್ದಾಗ ನಮ್ಮೂರಿನ ನಡುಮಧ್ಯೆ ಕಟ್ಟಡಕ್ಕೆ ಬೆಂಕಿ ಬಿತ್ತು. ಮರುದಿನ ಬೆಳಗ್ಗೆ ಊರವರೇ ಪೊರಕೆ ಹಿಡಿದು ಬೀದಿ ಗುಡಿಸಲು ಬಂದರು. ಎರಡನ್ನೂ ನೋಡಿದ್ದೇನೆ, ಎರಡೂ ಈ ಊರೇ.

ಈಗ ಲಾಭದ ವಿಚಾರ. ಯುರೋಪಿನವರು ವೀಸಾ ಇಲ್ಲದೆ ಬಂದು ದುಡಿಯುವ ಮುಕ್ತ ಓಡಾಟ ನಿಂತರೆ ನಿಮ್ಮವರಿಗೆ ಜಾಗ ಸಿಗುತ್ತದೆ, ಕರಿ ಹೋಟೆಲುಗಳಿಗೆ ಅಡುಗೆಯವರನ್ನು ಕರೆಸಿಕೊಳ್ಳಬಹುದು ಎಂದು ಜನಮತಗಣನೆಗೆ ಮುನ್ನ ದಕ್ಷಿಣ ಏಷ್ಯಾದವರಿಗೆ ಪ್ರಚಾರ ನಡೆದಿತ್ತು. ಅದು ಕೆಲವು ವರ್ಷ ನಿಜವೂ ಆಯಿತು. 2020ರ ಜನವರಿ 31ರಂದು ಬ್ರಿಟನ್ ಹೊರಬಂತು. 2021ರಿಂದ ವೀಸಾ ನಿಯಮದಲ್ಲಿ ಪೋಲೆಂಡಿನವರೂ ನಾವೂ ಸಮಾನರಾದೆವು. ಓದಿದ ಮೇಲೆ ಎರಡು ವರ್ಷ ಕೆಲಸ ಹುಡುಕಲು ಅವಕಾಶ ಕೊಡುವ ಗ್ರ್ಯಾಜುಯೇಟ್ ವೀಸಾ ಅದೇ ವರ್ಷದ ಜುಲೈನಲ್ಲಿ ಬಂತು. ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಸ್ಪೇನ್, ಪೋರ್ಚುಗಲ್‌ಗಳ ನರ್ಸ್‌ಗಳು ಒಬ್ಬೊಬ್ಬರಾಗಿ ಊರಿಗೆ ಹೋದರು; ಅವರ ಜಾಗಕ್ಕೆ ಕೇರಳದಿಂದ, ಮಂಗಳೂರಿನಿಂದ ಹುಡುಗಿಯರು ಬಂದರು.

ಆದರೆ ಒಂದು ವ್ಯತ್ಯಾಸವನ್ನು ಚೆನ್ನಾಗಿ ಅರ್ಥ ಮಾಡಿಕೋ. ಪೋರ್ಚುಗಲ್‌ನ ನರ್ಸ್ ಇಲ್ಲಿದ್ದದ್ದು ಒಕ್ಕೂಟದ ಒಪ್ಪಂದ ಕೊಟ್ಟ ಹಕ್ಕಿನಿಂದ. ಬ್ರಿಟನ್ ಬಿಟ್ಟುಹೋಗುವಾಗಲೂ, ಆಗಲೇ ಇಲ್ಲಿ ನೆಲೆಸಿದ್ದ ಯುರೋಪಿನವರ ಹಕ್ಕನ್ನು ನಿರ್ಗಮನ ಒಪ್ಪಂದದಲ್ಲಿ ಬರೆದು ಉಳಿಸಬೇಕಾಯಿತು. ನೀನು ಬರುವುದು ಗೃಹ ಇಲಾಖೆಯ ನಿಯಮದ ಮೇಲೆ. ಅದನ್ನು ಕೆಲವೇ ವಾರಗಳಲ್ಲಿ ಬದಲಿಸಬಹುದು, ಬದಲಿಸುತ್ತಲೂ ಇದ್ದಾರೆ. ವರ್ಷದ ನಿವ್ವಳ ವಲಸೆ, ಅಂದರೆ ಬಂದವರಲ್ಲಿ ಹೋದವರನ್ನು ಕಳೆದ ಲೆಕ್ಕ, ಹಿಂದೆಂದೂ ಇಲ್ಲದಷ್ಟು ಏರಿದಾಗ ದೊಡ್ಡ ಪಕ್ಷಗಳು ಗಾಬರಿಬಿದ್ದವು. 2024ರ ಜನವರಿಯಿಂದ ಎಂ.ಎಸ್‌ಸಿ. ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ನುರಿತ ಕೆಲಸಗಾರರ ವೀಸಾಕ್ಕೆ ಬೇಕಾದ ಸಾಮಾನ್ಯ ವಾರ್ಷಿಕ ಸಂಬಳ 2024ರ ಏಪ್ರಿಲ್‌ನಲ್ಲಿ 26,200 ಪೌಂಡಿನಿಂದ 38,700ಕ್ಕೆ, 2025ರ ಜುಲೈನಲ್ಲಿ 41,700ಕ್ಕೆ ಏರಿತು. ವೃದ್ಧರ ಆರೈಕೆಯ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ತರುವುದೂ ಅದೇ ಜುಲೈನಲ್ಲಿ ನಿಂತಿತು. ಮನೆಮಠ ಮಾರಿ ಏಜೆಂಟರಿಗೆ ದುಡ್ಡು ಕೊಟ್ಟು ಬಂದ ಆರೈಕೆ ಕೆಲಸಗಾರರು ನನ್ನೆದುರು ಅತ್ತಿದ್ದಾರೆ. ಬ್ರೆಕ್ಸಿಟ್, ಅಂದರೆ ಒಕ್ಕೂಟ ಬಿಟ್ಟದ್ದು, ಭಾರತೀಯರಿಗೆ ವರದಾನ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ನಿನ್ನ ಸಾಲದ ಲೆಕ್ಕವನ್ನು ಹೀಗೆ ಹಾಕು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಗ್ರ್ಯಾಜುಯೇಟ್ ವೀಸಾ ಎರಡು ವರ್ಷವಲ್ಲ, 18 ತಿಂಗಳು. ಅಷ್ಟರೊಳಗೆ ಸ್ಪಾನ್ಸರ್ ಪರವಾನಗಿ, ಅಂದರೆ ಹೊರದೇಶದವರನ್ನು ವೀಸಾ ಮೇಲೆ ಕೆಲಸಕ್ಕೆ ಇಟ್ಟುಕೊಳ್ಳುವ ಅನುಮತಿ, ಇರುವ ಕಂಪನಿ ಸಿಗಬೇಕು. ಹೊಸದಾಗಿ ಓದು ಮುಗಿಸಿದವರಿಗೆ ಸಂಬಳದ ಮಿತಿ ಕಡಿಮೆ, 33,400 ಪೌಂಡ್. ಆದರೆ ನಮ್ಮ ಈಶಾನ್ಯದಲ್ಲಿ ಹೊಸಬರಿಗೆ ಅಷ್ಟು ಕೊಡುವ ಕೆಲಸಗಳು ವಿರಳ. ಕಾಯಂ ವಾಸಕ್ಕೆ ಐದು ವರ್ಷದ ಬದಲು ಹತ್ತು ವರ್ಷ ಕಾಯಬೇಕೆಂಬ ಪ್ರಸ್ತಾಪ 2025ರ ಶ್ವೇತಪತ್ರದಲ್ಲಿದೆ. ಒಂದು ವರ್ಷ ಓದಿ ಊರಿಗೆ ಮರಳಬೇಕಾಗಿ ಬಂದರೂ ಜಮೀನು ಉಳಿಯುತ್ತದೆ ಎನ್ನುವಂತಿದ್ದರೆ ಮಾತ್ರ ಬಾ. ಅಪ್ಪನೊಂದಿಗೆ ಕುಳಿತು ಈ ಲೆಕ್ಕ ಹಾಕು, ಏಜೆಂಟರೊಂದಿಗಲ್ಲ.

ಪ್ಯಾರಿಸ್, ರೋಮ್ ನೋಡುವ ಆಸೆಯನ್ನೂ ಬರೆದಿದ್ದೀಯ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೊದಲೂ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಬೇಕಿತ್ತು, ಈಗಲೂ ಬೇಕು.

ಬಂದರೆ ಒಂದು ಕೆಲಸವನ್ನು ತಪ್ಪದೆ ಮಾಡು: ಮತದಾರರ ಪಟ್ಟಿಗೆ ಹೆಸರು ಸೇರಿಸು. ಕಾಮನ್‌ವೆಲ್ತ್ ದೇಶದವರಾದ್ದರಿಂದ ವಿದ್ಯಾರ್ಥಿ ವೀಸಾದಲ್ಲಿದ್ದರೂ ಸಂಸತ್ ಚುನಾವಣೆಯಲ್ಲಿ ನಮಗೆ ಮತವಿದೆ. 2016ರಲ್ಲಿ ಇಲ್ಲೇ ಬದುಕು ಕಟ್ಟಿಕೊಂಡಿದ್ದ ಇಟಲಿ, ಪೋಲೆಂಡಿನ ನಾಗರಿಕರಿಗೆ ಆ ಜನಮತಗಣನೆಯಲ್ಲಿ ಮತವಿರಲಿಲ್ಲ. ಭಾರತದ ಪಾಸ್‌ಪೋರ್ಟ್ ಹಿಡಿದ ನನಗಿತ್ತು. ಒಕ್ಕೂಟದಲ್ಲಿ ಉಳಿಯಲು ಮತ ಹಾಕಿದೆ, ಇಂದಿಗೂ ಅದೇ ಸರಿ ಎಂದು ನಂಬಿದ್ದೇನೆ. ನಮ್ಮ ಎಷ್ಟೋ ಹುಡುಗರಿಗೆ ಈ ಹಕ್ಕು ಇರುವುದೇ ತಿಳಿಯದು.

ಕೋರ್ಸಿನ ಹೆಸರು, ಊರು, ಒಟ್ಟು ಶುಲ್ಕ ಬರೆದು ಕಳುಹಿಸು. ಮುಂಗಡ ಕಟ್ಟುವುದಕ್ಕೆ ಮೊದಲೇ ಕಳುಹಿಸು. ಆ ವಿಷಯ ಓದಿ ಇಲ್ಲಿ ಕೆಲಸದಲ್ಲಿರುವ ಒಬ್ಬಿಬ್ಬರು ಕನ್ನಡದ ಹುಡುಗರೊಂದಿಗೆ ನಿನ್ನನ್ನು ಮಾತಾಡಿಸುತ್ತೇನೆ.